ಪರೀಕ್ಷೆಗೆ ಕೂತ ಕಾಲು

ಡಾಕ್ಟರಾದ ಮೇಲೂ ಓದುವವರ ಪಾಡು ಯಾರಿಗೂ ಬೇಡ. ಏನು ಓದುತ್ತಿದ್ದೇವೆಂದು ಊರಿಗೆ ಅರ್ಥ ಮಾಡಿಸುವಷ್ಟರಲ್ಲಿ ಕೋರ್ಸೇ ಮುಗಿದುಹೋಗುತ್ತದೆ. ನನಗಂತೂ ವಾರಕ್ಕೊಂದು ಇಂಥದ್ದು ಗಂಟುಬೀಳುತ್ತಲೇ ಇರುತ್ತದೆ.

೧. ಪಕ್ಕದ ಮನೆಯ ಸಮಾಧಾನ

ನಮ್ಮ ಮನೆ ಶ್ರೀರಂಗಪಟ್ಟಣದಲ್ಲಿ. ಎಂಬಿಬಿಎಸ್ ಮುಗಿಸಿ, ಹೌಸ್ ಸರ್ಜನ್ ಆಗಿ ಒಂದು ವರ್ಷ ದುಡಿದು, ಎಂ.ಡಿ.ಗೆ ಸೇರಿದೆ. "ಇನ್ನೂ ಮೂರು ವರ್ಷ ಓದ್ಬೇಕಂತೆ" ಎಂದು ಅಮ್ಮ ಹೇಳಿದ್ದೇ ತಡ, ಪಕ್ಕದ ಮನೆಯ ಅತ್ತೆ ನನ್ನನ್ನು ಮೂಲೆಗೆ ಕರೆದರು.

"ಎಷ್ಟು ಸಬ್ಜೆಕ್ಟು ಓಗವೆ ಕಣವ್ವಾ?"

"ಯಾವ್ದೂ ಹೋಗಿಲ್ಲ ಅತ್ತೆ. ಇದು ಮುಂದಿನ ಓದು."

"ನಮ್ಮುಡ್ಗನೂ ಇಂಗೇ ಅಂತಿದ್ದ. ಅಳ್ಬ್ಯಾಡ ಬುಡು."

ನಾನು ಅಳುತ್ತಲೇ ಇರಲಿಲ್ಲ.

೨. ಒಂದು ಕಿಡ್ನಿಗೆ ಮೂರು ವರ್ಷ

ಎಂ.ಡಿ. ಓದುವವರನ್ನು ಮೂರು ತಿಂಗಳು ಕಾಲೇಜಿನಿಂದ ಹೊರಗೆ, ಜಿಲ್ಲೆಯ ಆಸ್ಪತ್ರೆಗಳಿಗೆ ಕಳಿಸುತ್ತಾರೆ. ನನ್ನನ್ನು ಕೆ.ಆರ್.ಪೇಟೆ ಕಡೆ ಹಾಕಿದರು. ಮೊದಲ ವಾರವೇ ಹೊಸಹೊಳಲಿನ ತಾತನೊಬ್ಬರು ಬಂದರು. ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಲ್ಲಿ ಹುಣ್ಣು. ದಿನಾ ಬಂದು ಡ್ರೆಸ್ಸಿಂಗ್ ಮಾಡಿಸಿಕೊಳ್ಳದಿದ್ದರೆ ಬೆರಳನ್ನೇ ತೆಗೆಯಬೇಕಾಗುತ್ತಿತ್ತು.

"ನೀನು ಯಾತುರ್ ಡಾಕ್ಟ್ರವ್ವ?" ಎಂದರು.

ಉತ್ಸಾಹದಿಂದ ಶುರುಮಾಡಿದೆ. "ಕುಯ್ಯೋದು ಕಲಿಯೋರು ಎಂ.ಎಸ್. ತಾತ. ಔಷಧೀಲಿ ವಾಸಿ ಮಾಡೋದು ಕಲಿಯೋರು ಎಂ.ಡಿ., ನಾನು ಅದು. ಕಾಲೇಜಿನ ಬದಲು ದೊಡ್ಡಾಸ್ಪತ್ರೇಲಿದ್ದು ಕಲಿತರೆ ಡಿ.ಎನ್.ಬಿ. ಆಮೇಲೆ ಬರೀ ಹೃದಯ, ಬರೀ ಕಿಡ್ನಿ ಅಂತ ಕಲಿಯೋಕೆ ಇನ್ನೂ ಮೂರು ವರ್ಷ."

ತಾತ ಎದ್ದು ಹೊರಟೇಬಿಟ್ಟರು. "ಕಿಡ್ನಿ ಒಂದುಕ್ಕೇ ಮೂರೊರ್ಸನಾ! ನೀನು ನನ್ ಕಾಲ್ಬೆಳ್ಳಿನ ತಂಕ ಬರೋವೊತ್ಗೆ ನಾನೇ ಇರಾಕಿಲ್ಲ ಕಣವ್ವ."

೩. ಬೆಲ್ಲ ಬಿಟ್ಟ ತಾತ

ಆ ಬೆರಳಿನ ಚಿಂತೆಯಲ್ಲಿ ನನಗೆ ಊಟ ಸೇರಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ನೋಡಿದರೆ ಸಾಲಿನಲ್ಲಿ ಮೊದಲು ನಿಂತವರು ಅವರೇ! ನಮ್ಮ ನರ್ಸ್ ಹಿಂದಿನ ದಿನವೇ ಗೇಟಿನ ಹತ್ತಿರ ಅವರನ್ನು ತಡೆದು, "ಈ ಮಗೀಗೆ ಪರೀಕ್ಷೆ ಅದೆ ತಾತ. ರೋಗಿನೇ ಮುಂದೆ ಕೂರ್ಸಿ ಮಾರ್ಕ್ಸ್ ಆಕ್ತಾರೆ" ಎಂದಿದ್ದರಂತೆ. ನಮ್ಮ ಪರೀಕ್ಷೆ ನಡೆಯುವುದು ಹಾಗೆಯೇ. ತಾತ ಮಾತ್ರ ತಮ್ಮ ಹೆಬ್ಬೆರಳೇ ಆ ಪರೀಕ್ಷೆ ಎಂದುಕೊಂಡುಬಿಟ್ಟಿದ್ದರು. ನಿಜ ಹೇಳೋಣವೆಂದು ಬಾಯಿ ತೆರೆದೆ. ನರ್ಸ್ ಕಣ್ಣು ಬಿಟ್ಟರು. ಬಾಯಿ ಮುಚ್ಚಿಕೊಂಡೆ.

ಆಮೇಲೆ ಒಂದು ದಿನವೂ ತಪ್ಪಲಿಲ್ಲ. "ಆಲೆಮನೇಲಿ ಬಿಸಿ ಬೆಲ್ಲ ತಿನ್ನು ಬಾ ಅಂದ್ರು. ಮಗಿನ ಪರೀಕ್ಷೆ ಅದೆ, ಒಲ್ಲೆ ಅಂದ್ಬುಟ್ಟೆ" ಎಂದರು. ಅವರ ಕಾಲಿಗೆ ಬೀಳಬೇಕೆನಿಸಿತು. ಹೇಗೂ ಡ್ರೆಸ್ಸಿಂಗ್ ಮಾಡುತ್ತಾ ಅಲ್ಲೇ ಕೂತಿದ್ದೆ.

೪. ರಿಸಲ್ಟು

ಮೂರು ತಿಂಗಳಲ್ಲಿ ಹುಣ್ಣು ಮಾಯಿತು. ನಾನು ಹೊರಡುವ ದಿನ ತಾತ ನೇರ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿ, ಸ್ಟೂಲಿನ ಮೇಲೆ ಕಾಲಿಟ್ಟರು.

"ಸರ್ಯಾಗಿ ನೋಡಿ ನಂಬರ್ ಆಕಿ ಸೋಮಿ."

ದೊಡ್ಡ ಡಾಕ್ಟರು ಬೆರಳನ್ನು ಒತ್ತಿ, ತಿರುಗಿಸಿ ನೋಡಿ, ನಗು ತಡೆದುಕೊಂಡು "ಪಾಸು" ಎಂದರು. ತಾತನ ಕಣ್ಣು ಒದ್ದೆಯಾಯಿತು. ನನ್ನದೂ ಆಯಿತು. ಅಸಲಿ ಪರೀಕ್ಷೆಯಲ್ಲಿ ಪಾಸಾದರೂ ಇಷ್ಟು ಸಂತೋಷವಾಗಲಾರದು.

ಅಷ್ಟರಲ್ಲಿ ನನ್ನ ಜಾಗಕ್ಕೆ ಬಂದಿದ್ದ, ಮೂಳೆ ವಿಭಾಗದಲ್ಲಿ ಎಂ.ಎಸ್. ಓದುವ ಹುಡುಗ ಬ್ಯಾಗು ಹಿಡಿದು ಒಳಗೆ ಬಂದ. ತಾತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನೂ ಓದೋನೇ ಏನ್ಲಾ?"

"ಹೌದು ತಾತ."

"ನನ್ ಕಾಲು ಮುಗ್ದೋಯ್ತು ಕಣ್ಲಾ. ನಾಳೀಕೆ ನಮ್ಮೆಡ್ತಿ ಕರ್ಕಂಬತ್ತೀನಿ, ಮಂಡಿನೋವು. ಆದ್ರೆ ಅವ್ಳು ಬಾಳ ಕಷ್ಟದ ಪೇಪರು. ರಾತ್ರಿಯೆಲ್ಲ ಓದ್ಕಂಡು ಬಾ."