ಮಾವನವರ ಅವಿಭಾಜ್ಯ ಸಂಖ್ಯೆ

ಗಣಿತದ ಮೇಷ್ಟ್ರಿಗೆ ಲೆಕ್ಕ ಬರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ನನಗೆ ಈವರೆಗೂ ಗೊತ್ತಾಗಿಲ್ಲ. ಮೂಡಿಗೆರೆಯ ಕಾಲೇಜಿನಲ್ಲಿ ವರ್ಷಗಟ್ಟಲೆ ಗಣಿತ ಪಾಠ ಮಾಡಿದ್ದೇನೆ; ಆದರೆ ಹದಿನೈದರ ಆಚೆಗಿನ ಮಗ್ಗಿ ಕೇಳಿದರೆ ಮಾತನ್ನು ಮಳೆಯ ಕಡೆಗೆ ತಿರುಗಿಸುತ್ತೇನೆ. ಮದುವೆಮನೆಗೆ ಹೋದರೆ ಅಡುಗೆಯವರು ಎಷ್ಟು ಅಕ್ಕಿ ಹಾಕಬೇಕೆಂದು ನನ್ನನ್ನೇ ಕೇಳುತ್ತಾರೆ. ಇದೇ ನಂಬಿಕೆಯಿಂದ, ಕಳಸದಲ್ಲಿ ಕಾಫಿ ತೋಟವಿದ್ದ ನನ್ನ ಮಾವನವರು ತಮ್ಮ ಮನೆಯ ಜಗಳಕ್ಕೆ ನನ್ನನ್ನು ಕರೆಸಿಕೊಂಡರು.

ಅದು ತೊಂಬತ್ತರ ದಶಕ. ಕಾಫಿಗೆ ಒಳ್ಳೆಯ ಬೆಲೆ ಬಂದು ಸುತ್ತಮುತ್ತಲ ಮನೆಗಳಲ್ಲೆಲ್ಲ ಪಾಲಿನ ಮಾತು ಎದ್ದಿತ್ತು. ಮಾವನ ಕಿರಿಯ ಮಗ ರಮೇಶ, "ನನ್ನ ಪಾಲು ಕೊಡಿ, ನನ್ನಿಷ್ಟದ ಹಾಗೆ ಮೆಣಸು ಹಾಕ್ತೀನಿ" ಎಂದು ಪಟ್ಟು ಹಿಡಿದಿದ್ದ. "ಅಳಿಯಂದಿರೇ, ಓದಿದೋರು ನೀವು, ಇವನಿಗೆ ಒಂದು ಮಾತು ಹೇಳಿ" ಎಂದರು ಮಾವ. ನನಗೆ ಗೊತ್ತಿದ್ದದ್ದನ್ನೇ ಹೇಳಿದೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳಿವೆ. ಮೂವತ್ತೊಂದು ಅಂಥದ್ದು. ಅದರ ಎಡಕ್ಕೆ ಒಂದು ಮೂರು ಬರೆದರೆ ಮುನ್ನೂರ ಮೂವತ್ತೊಂದು, ಅದೂ ಹಾಗೇ. ಇನ್ನೊಂದು ಮೂರು, ಅದೂ ಹಾಗೇ. "ಎಷ್ಟು ಮೂರು ಸೇರಿಸಿದರೂ ಒಡೆಯಲ್ಲ" ಎಂದೆ. ಸ್ವಲ್ಪ ದೂರದವರೆಗೆ ಇದು ನಿಜವೆಂದು ಎಲ್ಲೋ ಓದಿದ್ದೆ. ಮುಂದಿನದನ್ನು ಧೈರ್ಯದ ಮೇಲೆ ಹೇಳಿದೆ.

ಮಾವನವರಿಗೆ ಇದು ಬಹಳ ಹಿಡಿಸಿತು. ರಮೇಶ ಆ ಸಲಕ್ಕೆ ಸುಮ್ಮನಾದ, ಒಪ್ಪಿ ಅಲ್ಲ, ಬೇಸತ್ತು. ಅಂದಿನಿಂದ ಮನೆಗೆ ಸೊಸೆ ಬಂದರೆ, ಮೊಮ್ಮಗು ಹುಟ್ಟಿದರೆ ಮಾವ ಒಂದೊಂದು ಮೂರು ಸೇರಿಸುತ್ತ, "ಜನ ಹೆಚ್ಚಾದ್ರೂ ಮನೆ ಒಡೆಯಲ್ಲ, ಗಣಿತದಲ್ಲೇ ಇದೆ" ಎಂದು ಬಂದವರಿಗೆಲ್ಲ ಹೇಳತೊಡಗಿದರು. ಗೊಬ್ಬರದ ಲಾರಿ ತಂದ ಡ್ರೈವರಿಗೂ ಹೇಳಿದರಂತೆ.

ರಮೇಶನ ಮದುವೆಯೂ ಆಯಿತು. ಹುಡುಗಿ ಸುಮಿತ್ರ, ಆಲ್ದೂರಿನವಳು, ಬಿಎಸ್ಸಿ ಓದಿದವಳು. ಅವರಿಗೆ ಮಗುವಾಗುವ ಹೊತ್ತಿಗೆ ಮಾವನ ಸಂಖ್ಯೆಯಲ್ಲಿ ಎಂಟು ಮೂರು, ಕೊನೆಗೊಂದು ಒಂದು. ನಾಮಕರಣದ ಊಟವಾದ ಮೇಲೆ ನೆಂಟರೆದುರು ಅದನ್ನು ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಸುಮಿತ್ರ ಮಗುವನ್ನು ಗಂಡನ ಕೈಗೆ ಕೊಟ್ಟು ಅಲ್ಲೇ ಕೂತಳು. ಏಳು, ಹನ್ನೊಂದು, ಹದಿಮೂರು ಎಂದು ಒಂದೊಂದರಿಂದಲೂ ಭಾಗಿಸುತ್ತ ಹೋದಳು. ಆಮೇಲೆ ತಲೆಯೆತ್ತಿ, "ಮಾವ, ಇದು ಹದಿನೇಳರಲ್ಲಿ ಹೋಗುತ್ತೆ. ಶೇಷ ಉಳಿಯಲ್ಲ" ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಭಾಗಿಸಿದಾಗ ಶೇಷ ಉಳಿಯಿತು. ನನ್ನ ಕಳೆಯುವ ಲೆಕ್ಕ ತಪ್ಪಿತ್ತು. ಇನ್ನೊಮ್ಮೆ ಭಾಗಿಸಿದೆ, ಉಳಿಯಲಿಲ್ಲ. "ಹೌದು ಮಾವ, ಹೋಗುತ್ತೆ" ಎಂದೆ.

ಮಾವ ಬಗ್ಗಿ ಆ ಬಿಳಿಯ ಅಂಕಿಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ನನ್ನ ಚಪ್ಪಲಿ ಯಾವ ಮೂಲೆಯಲ್ಲಿದೆ ಎಂದು ನಾನು ಯೋಚಿಸುತ್ತಿದ್ದೆ. ಅವರು ಮೆಲ್ಲಗೆ ಮಗನಿಗೆ, "ಇಷ್ಟು ಜನ ಆಗೋ ತನಕ ಒಡೀದೆ ಇತ್ತಲ್ಲ ಮಾರಾಯ, ಸಾಕು. ನಿನ್ನ ಪಾಲು ಯಾವ ಕಡೆ ಬೇಕು ನೋಡ್ಕೋ" ಎಂದರು. ರಮೇಶ ಮಗುವನ್ನು ಎತ್ತಿಕೊಂಡೇ ಅತ್ತುಬಿಟ್ಟ. ಪಾಲು ಕೇಳಿ ಕೇಳಿ ಅವನೂ ದಣಿದಿದ್ದ.

ಸರ್ವೆಯವರು ಬಂದ ದಿನ ಮನೆಮಂದಿಯೆಲ್ಲ ತೋಟದಲ್ಲಿದ್ದರು. ಸರಪಳಿಯ ಒಂದು ತುದಿ ರಮೇಶನ ಕೈಯಲ್ಲಿತ್ತು. ಅಳತೆಯನ್ನು ಸುಮಿತ್ರ ಬರೆದುಕೊಳ್ಳುತ್ತಿದ್ದಳು. ನಾನೂ ಪಂಚೆ ಎತ್ತಿಕಟ್ಟಿ ಹೊರಟೆ. ಮಾವ ತಡೆದರು. "ನೀವು ಬೇಡ ಅಳಿಯಂದಿರೇ, ಇಲ್ಲೇ ಕಾಫಿ ಕುಡೀತಾ ಕೂತಿರಿ" ಎಂದರು, ತುಂಬ ಮರ್ಯಾದೆಯಿಂದ. "ಲೆಕ್ಕ ಸರಿಯಾಗ್ಬೇಕು."