ಹೋಗುವವರ ಚಿಲ್ಲರೆ

ಯಾರಾದರೂ ಕಾಯಿಲೆ ಬಿದ್ದಿದ್ದಾರೆಂದು ಗೊತ್ತಾದರೆ ನಾನು ನೋಡಲು ಹೋಗುವುದಿಲ್ಲ. ಇದನ್ನು ಕೇಳಿದ ಹೊರಗಿನವರು ನನ್ನನ್ನು ಕಲ್ಲುಮನಸ್ಸಿನವನು ಅಂದುಕೊಳ್ಳಬಹುದು. ಆದರೆ ಕೊಟ್ಟೂರಿನ ಸುತ್ತಮುತ್ತ ನನ್ನನ್ನು ಬಲ್ಲವರು, ನಾನು ಹೋಗದೆ ಇರುವುದನ್ನೇ ದೊಡ್ಡ ಉಪಕಾರವೆಂದು ತಿಳಿಯುತ್ತಾರೆ. ನನ್ನದೇ ನೆಗಡಿಗೆ ಮಾತ್ರೆ ಬರೆಸಿಕೊಳ್ಳಲು ಆಸ್ಪತ್ರೆಗೆ ಹೋದರೂ ಬೆಂಚಿನ ಮೇಲೆ ಕೂತವರು ಒಬ್ಬೊಬ್ಬರಾಗಿ ಎದ್ದು ಆಚೆ ಸರಿಯುತ್ತಾರೆ. ಸರದಿ ಬೇಗ ಬರುತ್ತದೆ, ಅದೊಂದು ಲಾಭ. ಮನುಷ್ಯನಿಗೆ ಕೆಟ್ಟ ಹೆಸರು ಕುಡಿತದಿಂದ ಬರಬಹುದು, ಇಸ್ಪೀಟಿನಿಂದ ಬರಬಹುದು. ನನಗೆ ಬಂದದ್ದು ಹಳೆಯ ನಾಣ್ಯ ಕೂಡಿಡುವ ಹವ್ಯಾಸದಿಂದ.

ನಾನು ಇಲ್ಲಿನ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ನಮ್ಮಂಥವರು ಹವ್ಯಾಸ ಇಟ್ಟುಕೊಳ್ಳುವುದೆಂದರೆ ನೆಂಟನೊಬ್ಬನನ್ನು ಖಾಯಂ ಆಗಿ ಮನೆಗೆ ಕರೆತಂದಂತೆ. ಅವನ ಊಟದ ವ್ಯವಸ್ಥೆಯೂ ನಮ್ಮದೇ. ಹೆಂಡತಿ ಗಿರಿಜಾ ಮೊದಲ ದಿನವೇ ಕೇಳಿದಳು: “ರೊಕ್ಕ ಕೊಟ್ಟು ರೊಕ್ಕ ತರೋದು ಅದ್ಯಾವ ಸೀಮಿ ಹುಚ್ಚುರೀ?” ಕಡೆಗೆ ಸಂತೆ ಮುಗಿಸಿ ಬಂದ ಮೇಲೆ ಚೀಲದ ತಳದಲ್ಲಿ ಉಳಿದ ಚಿಲ್ಲರೆ ನನ್ನದು ಎಂಬ ಒಪ್ಪಂದವಾಯಿತು. ಆ ಒಪ್ಪಂದವಾದ ಮೇಲೆ ಚೀಲದ ತಳದಲ್ಲಿ ಕೊತ್ತಂಬರಿ ಎಲೆ ಬಿಟ್ಟು ಬೇರೇನೂ ಉಳಿಯುವುದು ನಿಂತಿತು. ಹೇಗೋ ಕೂಡಿಸಿದ್ದರಲ್ಲಿ ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಒಬ್ಬನಿಂದ ಹನುಮಂತನ ಚಿತ್ರವಿದ್ದ ಪುರಾತನ ನಾಣ್ಯವೊಂದನ್ನು ಕೊಂಡೆ. ಹರಪನಹಳ್ಳಿಯಲ್ಲಿ ನಾಣ್ಯದ ವಿಷಯ ತಿಳಿದ ಹಿರಿಯರೊಬ್ಬರಿದ್ದರು, ಹಿಂದೆ ಕಾಳಿನ ವ್ಯಾಪಾರ ಮಾಡಿದವರು. ಅವರಿಗೆ ತೋರಿಸಿದಾಗ ಅವರು ಅದನ್ನು ಮೂಸಿ ನೋಡಿ, “ಇದಕ್ಕ ಇನ್ನೂ ಹುಣಸಿಹಣ್ಣಿನ ವಾಸನಿ ಹೋಗಿಲ್ಲಲ್ರೀ,” ಎಂದು ನಕ್ಕರು. ಯಾರೋ ಹೊಸ ಬಿಲ್ಲೆಯನ್ನು ಹುಳಿಯಲ್ಲಿ ನೆನೆಸಿ ಹಳೆಯದು ಮಾಡಿದ್ದರು. ಆಮೇಲೆ ಚಹಾ ತರಿಸಿ ಬುದ್ಧಿ ಹೇಳಿದರು. ದೊಡ್ಡದಕ್ಕೆ ಕೈ ಹಾಕಬಾರದು. ನಮ್ಮ ಪೈಸೆಗಳನ್ನೇ ಹಿಡಿಯಬೇಕು. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದಿನ ಟಂಕಸಾಲೆ, ವಜ್ರದ ಗುರುತಿದ್ದರೆ ಮುಂಬಯಿ, ಏನೂ ಇಲ್ಲದಿದ್ದರೆ ಕಲ್ಕತ್ತಾ. ಒಂದೊಂದನ್ನೇ ಹುಡುಕುತ್ತ ಹೋಗಬೇಕು. ತೊಳೆಯಬಾರದು, ತಿಕ್ಕಬಾರದು, ಅವಸರವಂತೂ ಮಾಡಲೇಬಾರದು. “ನೀವು ಹುಡುಕಬ್ಯಾಡ್ರಿ, ಕಾಯ್ರಿ. ಅವು ತಾವಾಗೇ ನಿಮ್ಮ ಕಾಲಿಗೆ ಬರ್ತಾವ,” ಎಂದರು. ಆ ಮಾತು ಅಷ್ಟು ಅಕ್ಷರಶಃ ನಿಜವಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ಕಾಲೇಜಿಗೆ ಸಂಬಂಧಪಟ್ಟವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹಾರ ಹಿಡಿದುಕೊಂಡು ಮಣ್ಣಿಗೆ ಹೋಗುವ ಕೆಲಸ ನನ್ನದು. ಪ್ರಾಂಶುಪಾಲರಿಗೆ ಬಿಸಿಲು ಆಗುವುದಿಲ್ಲ, ಉಪನ್ಯಾಸಕರಿಗೆ ಪಾಠ ಇರುತ್ತದೆ, ನನಗೆ ಏನೂ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಗೆ ಒಮ್ಮೆ ಕಾನಹೊಸಹಳ್ಳಿಗೆ ಹೋಗಿದ್ದೆ. ನಮ್ಮಲ್ಲಿ ಹಲವು ಮನೆತನದವರು ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವು ಕಟ್ಟಿದ ವಿಮಾನದಲ್ಲಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಅದರ ಮೇಲೆ ಒಂದು ನಾಣ್ಯ ಅಂಟಿಸಿ, ಬದುಕಿದ್ದಾಗ ಎಂದೂ ಸಿಗದ ಮರ್ಯಾದೆಯಿಂದ ಹೊತ್ತುಕೊಂಡು ಹೋಗುತ್ತಾರೆ. ಮುಂದೆ ಹಲಗೆಯ ಬಡಿತ, ಹಿಂದೆ ಭಜನೆ, ದಾರಿಯುದ್ದಕ್ಕೂ ಮಂಡಕ್ಕಿ ಮತ್ತು ಚಿಲ್ಲರೆ ತೂರುತ್ತಾರೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಹಾಗೆ ತೂರಿದ್ದರಲ್ಲಿ ಒಂದು ಉರುಳುತ್ತ ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು. ಕಮಲದ ಹೂವಿನ ಹಿತ್ತಾಳೆಯ ಇಪ್ಪತ್ತು ಪೈಸೆ! ನನಗೆ ಆಗ ಹೊಳೆಯಿತು. ಅಂಗಡಿಯಲ್ಲಿ ನಡೆಯದ ಪೈಸೆಗಳನ್ನೆಲ್ಲ ಜನ ಡಬ್ಬಿಯಲ್ಲಿ ಕೂಡಿಟ್ಟು ಇಲ್ಲಿ ಖರ್ಚು ಮಾಡುತ್ತಿದ್ದಾರೆ. ಆಚೆಯ ಲೋಕದಲ್ಲಿ ಇನ್ನೂ ಹಳೆಯ ದುಡ್ಡೇ ನಡೆಯುತ್ತದೆಂದು ಅವರ ನಂಬಿಕೆಯಿರಬೇಕು.

ಬಗ್ಗಿದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮೆಲ್ಲಗೆ, “ಮುಟ್ಟಬ್ಯಾಡ್ರೀ ಸರ. ಹೋಗೋರ ದಾರಿಖರ್ಚು ಅದು,” ಎಂದಳು. ಅಷ್ಟರಲ್ಲಿ ನನ್ನ ಬೆರಳು ಅದನ್ನು ಮುಟ್ಟಿಯಾಗಿತ್ತು. ತಲೆಯೆತ್ತಿದರೆ ವಿಮಾನದಲ್ಲಿ ಕೂತವರ ಕಣ್ಣು ಅರೆ ತೆರೆದಿತ್ತು. ಹೊತ್ತವರು ಹೆಜ್ಜೆ ಬದಲಿಸಿದರೋ ಏನೋ, ಅವರ ತಲೆ ಒಮ್ಮೆ ಕೆಳಗೆ ಬಾಗಿ ಮೇಲೆ ಬಂತು. ‘ಇರಲಿ, ತಗೋ’ ಎಂದಂತೆ. ನಾನು ಯಾರ ಮಾತನ್ನೂ ತೆಗೆದುಹಾಕುವವನಲ್ಲ. ತೆಗೆದುಕೊಂಡೆ.

ಆಮೇಲೆ ಮಣ್ಣುಗಳಿಗೆ ಹೋಗುವುದರಲ್ಲಿ ನನಗೊಂದು ಉತ್ಸಾಹ ಬಂತು. ಬಸ್ಸಿನ ಖರ್ಚು ಕಾಲೇಜಿನದು, ನಾಣ್ಯ ನನ್ನದು. ಇದಕ್ಕಿಂತ ಕಡಿಮೆ ಬಜೆಟ್ಟಿನ ಹವ್ಯಾಸ ಯಾರಿಗಿದ್ದೀತು? ಕಾಲೇಜಿಗೆ ಸಂಬಂಧವಿಲ್ಲದವರ ಮಣ್ಣಿಗೂ ಹೋಗತೊಡಗಿದೆ. ಜನ ಮೆಚ್ಚಿಕೊಂಡರು. “ಸರ ಎಲ್ಲಾರ ದುಃಖಕ್ಕೂ ಆಗ್ತಾರ,” ಎಂದರು. ಗೌರವ ಹೆಚ್ಚಿತು, ನಾಣ್ಯ ಹಾಕಿಡುವ ಕಾಗದದ ಲಕೋಟೆಗಳೂ ಹೆಚ್ಚಿದವು. ಒಂದು ಸಂಗತಿ ಮಾತ್ರ ನಾನು ಗಿರಿಜಾಗೆ ಹೇಳಿರಲಿಲ್ಲ. ನಾನು ಬಗ್ಗಿದಾಗೆಲ್ಲ ಕೂತವರು ತಲೆಯಾಡಿಸುತ್ತಿದ್ದರು. ರಸ್ತೆ ಹದಗೆಟ್ಟಿದೆ, ವಿಮಾನ ಅಲುಗಾಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಡಗಲಿಯಲ್ಲಿ ಹೊಸದಾಗಿ ಸಿಮೆಂಟು ಹಾಕಿದ ರಸ್ತೆಯ ಮೇಲೂ ಅವರು ಆಡಿಸಿದರು.

ಆ ಹಡಗಲಿಯಲ್ಲೇ ಎಡವಟ್ಟಾದದ್ದು. ಹೊತ್ತವರು ಹೆಗಲು ಬದಲಿಸಲು ನಿಂತರು. ಹಲಗೆಯವರೂ ದಣಿವಾರಿಸಿಕೊಳ್ಳಲು ಕೈ ಬಿಟ್ಟರು. ಒಮ್ಮೆಲೇ ಎಲ್ಲ ನಿಶ್ಶಬ್ದವಾಯಿತು. ಕೂತಿದ್ದ ಯಜಮಾನರ ಮುಖ ನಿಧಾನವಾಗಿ ನನ್ನ ಕಡೆಗೆ ವಾಲಿತು. ಹಣೆಗೆ ಅಂಟಿಸಿದ್ದ ನಾಣ್ಯ ಕಳಚಿ, ರಸ್ತೆಗೆ ಬಿದ್ದು, ಅಷ್ಟು ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಮುಂದೆ ಅಂಗಾತ ಬಿತ್ತು. ಎಲ್ಲರೂ ನನ್ನನ್ನೇ ನೋಡಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು, “ಇಲ್ಲಪ್ಪ, ಅದು ಅವರದು, ಅಲ್ಲೇ ಅಂಟಿಸ್ರಿ,” ಎಂದೆ. ಸತ್ತವರ ಹಿರಿಯ ಮಗ ಬಂದು ಅದನ್ನೆತ್ತಿ ನನ್ನ ಅಂಗೈಯಲ್ಲಿಟ್ಟ. “ಅಪ್ಪಾರು ನಿಮಗ ಕೊಟ್ಟಾರ್ರೀ ಸರ. ಬ್ಯಾಡ ಅನಬ್ಯಾಡ್ರಿ,” ಎಂದ. ಅಂಥ ಬಿಸಿಲಿನಲ್ಲೂ ಆ ನಾಣ್ಯ ಬಾವಿಯಿಂದ ಈಗಷ್ಟೇ ತೆಗೆದಂತೆ ತಣ್ಣಗಿತ್ತು.

ನಾನು ಕೊಟ್ಟೂರಿಗೆ ಬಂದು ಇಳಿಯುವ ಮೊದಲೇ ಸುದ್ದಿ ಬಂದು ಇಳಿದಿತ್ತು. ಹೋಗುವವರಿಗೂ ನನಗೂ ಏನೋ ಲೆಕ್ಕಾಚಾರ ಇದೆ ಎಂದು ಒಬ್ಬರು, ನಾನು ಮೊದಲೇ ಹೋಗಿ ಸಾಯುವವರ ಮನೆ ನೋಡಿಕೊಂಡು ಬರುತ್ತೇನೆ ಎಂದು ಇನ್ನೊಬ್ಬರು. ಕಿರಾಣಿ ಅಂಗಡಿಯವನು ತನ್ನ ತಾಯಿಯನ್ನು ನಾನು ಬರುವ ಹೊತ್ತಿಗೆ ಒಳಗೆ ಕರೆದುಕೊಳ್ಳತೊಡಗಿದ. ಇದೆಲ್ಲ ನಗುವ ಮಾತೆಂದೇ ನಾನು ತಿಳಿದಿದ್ದೆ, ಇಟ್ಟಿಗಿಯಿಂದ ಫೋನು ಬರುವ ತನಕ.

ಇಟ್ಟಿಗಿಯಲ್ಲಿರುವುದು ಗಿರಿಜಾಳ ತಂದೆ. ನನಗೆ ಅವರು ಸೋದರಮಾವ. ನನ್ನನ್ನು ಎತ್ತಿ ಆಡಿಸಿದವರು, ಆಮೇಲೆ ಮಗಳನ್ನು ಕೊಟ್ಟವರು. ಜ್ವರ ಬಂದು ಊಟ ಬಿಟ್ಟಿದ್ದರು. ಡಾಕ್ಟರು ಮನೆಗೇ ಬಂದು ಸಲೈನು ಹಾಕಿ ಹೋಗಿದ್ದರು. ಗಿರಿಜಾ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತವರಿನ ಬಾಗಿಲ ಬಳಿ ಮಾತ್ರ ನಿಂತು, “ನೀವು ಇಲ್ಲೇ ಹೊರಗ ಇರ್ರಿ,” ಎಂದಳು. ನನ್ನನ್ನು ನೋಡದೆ ಹೇಳಿದಳು. ಮದುವೆಯಾದಾಗಿನಿಂದ ಆಕೆ ನನ್ನನ್ನು ಬೈದದ್ದುಂಟು, ಹೆದರಿದ್ದು ಅದೇ ಮೊದಲು. ನಾನು ಕಟ್ಟೆಯ ಮೇಲೆ ಕೂತೆ. ಆದರೆ ಒಳಗಿನಿಂದ ಮಾವನ ದನಿ ಬಂತು: “ಅಳಿಯ ಬಂದಾನೇನು? ಒಳಗ ಕಳಸವ್ವ.”

ಒಳಗೆ ಹೋದೆ. ಮಾವ ಕಂಬಳಿಯಿಂದ ಮುಖ ಹೊರಗೆ ಹಾಕಿ ನನ್ನನ್ನು ಬಹಳ ಹೊತ್ತು ನೋಡಿದರು.

“ಇಷ್ಟು ಲಗೂ ಬಂದೇನೋ?” ಎಂದರು.

“ಇಲ್ಲ ಮಾವ, ಸುಮ್ಮ ನೋಡಿಕೊಂಡು ಹೋಗಾಕ...”

“ನೋಡಿ ಹೋಗಾಕ ಬಂದೀಯೋ, ಕರ್ಕೊಂಡು ಹೋಗಾಕ ಬಂದೀಯೋ, ಖರೇ ಹೇಳು.”

ನಾನು ಆಣೆ ಮಾಡಿದೆ. ಅವರು ದಿಂಬಿನ ಕೆಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಮಡಿಲಿಗೆ ಹಾಕಿದರು. “ನಾ ಹೋಗೋ ದಿನ ತೂರಾಕಂತ ಕೂಡಿಟ್ಟಿದ್ದೆ. ಎಲ್ಲಾ ನೀ ತಗೊಂಡು ಹೋಗಿಬಿಡು. ದಾರಿಖರ್ಚಿಲ್ಲದವನ್ನ ಯಾರು ಕರ್ಕೊಂಡು ಹೋಗ್ತಾರ?” ಎಂದು ಹೇಳಿ, ಬಹಳ ಜಾಣತನದ ವ್ಯವಹಾರ ಮುಗಿಸಿದವರಂತೆ ಗೋಡೆಯ ಕಡೆ ಹೊರಳಿ ಮಲಗಿದರು. ಮರುದಿನ ಗಂಜಿ ಕುಡಿದರು. ಅದೇ ವಾರ ಹೊಲದ ಬದುವಿನ ಮೇಲೆ ಓಡಾಡಿದರು. ಸಲೈನಿನ ಗುಣ ಎಂದರು ಡಾಕ್ಟರು. ಡಾಕ್ಟರ ಮಾತನ್ನು ಇಟ್ಟಿಗಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜ್ವರ ಬಂದದ್ದು ನನಗೆ. ಗಂಟನ್ನು ಕಪಾಟಿನಲ್ಲಿಟ್ಟು ಮಲಗಿದವನು ಮೂರು ಕಂಬಳಿ ಹೊದ್ದರೂ ನಡುಗುತ್ತಿದ್ದೆ. ಮಟಮಟ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಉಸಿರು ಬಿಡದ ಹೊತ್ತಿನಲ್ಲಿ, ಕಪಾಟಿನ ಒಳಗೆ ಖಣ್ ಎಂದಿತು. ಯಾರೋ ಒಂದು ನಾಣ್ಯ ಎತ್ತಿ ಇನ್ನೊಂದರ ಮೇಲೆ ಇಟ್ಟಂತೆ. ಸ್ವಲ್ಪ ತಡೆದು ಮತ್ತೆ ಖಣ್. “ಇಲಿ ಇರಬೇಕು,” ಎಂದೆ. “ಇಲಿಗೆ ಎಣಸಾಕ ಬರತೈತೇನು?” ಎಂದಳು ಗಿರಿಜಾ. ನಾವಿಬ್ಬರೂ ಕಪಾಟು ತೆರೆಯಲಿಲ್ಲ. ಜ್ವರ ಇಳಿದ ಮೇಲೆ ಗಂಟು ಹಿಂದಿರುಗಿಸಲು ಇಟ್ಟಿಗಿಗೆ ಹೋದೆ. ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದೆ.

“ಮಾವ ಮನ್ಯಾಗ ಇಲ್ಲ!” ಎಂದು ಮಾವನೇ ಕೂಗಿದರು.

“ಮಾವ, ನಿಮ್ಮ ಗಂಟು ತಂದೀನಿ.”

“ಅದು ನನ್ನದಲ್ಲ, ನಿಂದು. ನೀ ಮುಟ್ಟಿದ ಮ್ಯಾಲ ನಿಂದ. ಹುಷಾರಾಗಿ ಹೋಗಪಾ, ಮುಂದಿನ ಬಸ್ಸು ಹಿಡಿ.”

ಮಾವ ಬದುಕಿದ ಸುದ್ದಿ ಊರೂರಿಗೆ ಹೋಯಿತು. ಅಲ್ಲಿಂದ ನನ್ನ ಹವ್ಯಾಸದ ಸುವರ್ಣಯುಗ ಶುರುವಾಯಿತು. ಕೂಡ್ಲಿಗಿ ಕಡೆಯವರು ಬಂದರು, ಹಗರಿಬೊಮ್ಮನಹಳ್ಳಿಯವರು ಬಂದರು. ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಗಂಟು, ಡಬ್ಬಿ, ಮಣ್ಣಿನ ಕುಡಿಕೆ. ಯಾರೂ ಒಳಗೆ ಬರುತ್ತಿರಲಿಲ್ಲ. ಹಿರೇಹಡಗಲಿಯ ಒಬ್ಬ ಅಜ್ಜಿ ಮಾತ್ರ ಧೈರ್ಯವಾಗಿ ಬಂದು, ಚಹಾ ಕುಡಿದು, ತನ್ನ ಗಂಟನ್ನು ನನ್ನ ಕೈಗೇ ಕೊಟ್ಟಳು. “ಮೊಮ್ಮಗಳ ಮದಿವಿ ನೋಡಬೇಕ್ರೀ ಸರ. ಅದಾದ ಮ್ಯಾಲ ನಾನ ಹೇಳಿ ಕಳಸ್ತೀನಿ. ಅಲ್ಲೀತನಕ ನಮ್ಮೂರಿನ ಕಡಿ ಬರಬ್ಯಾಡ್ರಿ,” ಎಂದಳು. ಹಾಗೆಲ್ಲ ಏನಿಲ್ಲಮ್ಮ ಎಂದು ಹೇಳಬೇಕೆಂದಿದ್ದೆ. ಆಕೆಯ ಮುಖ ನೋಡಿ, ಜೋಪಾನವಾಗಿ ಇಡುತ್ತೇನೆ ಎಂದುಬಿಟ್ಟೆ.

ಮದುವೆ ಆಯಿತು. ಸ್ವಲ್ಪ ದಿನಕ್ಕೆ ಆಕೆಯ ಮಗನ ಫೋನು ಬಂತು. “ಅವ್ವ ಹೋಗೋಮುಂದ ನಿಮಗ ಹೇಳು ಅಂದಿದ್ಲು, ಸರ,” ಎಂದ. ಗಂಟು ಹಿಡಿದು ಹೋದೆ. ಈ ಸಲ ನಾನು ಬಗ್ಗಲಿಲ್ಲ. ವಿಮಾನದ ಮುಂದೆ ನಡೆಯುತ್ತ ಒಂದೊಂದು ಮುಷ್ಟಿಯಾಗಿ ಎಲ್ಲ ತೂರಿದೆ. ನಾನು ಎಷ್ಟೋ ದಿನದಿಂದ ಕಾದಿದ್ದ ಪೈಸೆಯೂ ಅದರಲ್ಲಿತ್ತು, ಅದೂ ಹೋಯಿತು. ಗಂಟು ಖಾಲಿಯಾದ ಮೇಲೆ ಹಿಂದಿರುಗಿ ನೋಡಿದೆ. ಅಜ್ಜಿ ತಲೆಯಾಡಿಸಲಿಲ್ಲ. ನೆಟ್ಟಗೆ ಕೂತು, ನನ್ನನ್ನು ದಾಟಿ ಮುಂದಿನ ದಾರಿ ನೋಡುತ್ತಿದ್ದಳು. ಆಕೆಗೆ ನನ್ನಿಂದ ಬೇಕಾದದ್ದು ಮುಗಿದಿತ್ತು.

ಬಸ್ಸಿನಲ್ಲಿ ಬರುವಾಗ ಒಂದು ಪ್ರಶ್ನೆ ಎದ್ದಿತು. ಕಪಾಟಿನಲ್ಲಿರುವ ಉಳಿದ ಗಂಟುಗಳಿಗೆ, ಅವುಗಳ ಒಡೆಯರಿಗಿಂತ ಮೊದಲು ನಾನೇ ಹೋಗಿಬಿಟ್ಟರೆ ಏನು ಗತಿ? ಗಿರಿಜಾಗೆ ಯಾವುದು ಯಾರದು, ಯಾವುದು ತೂರುವಂಥದ್ದು, ಯಾವುದು ಅಪರೂಪದ್ದು ಎಂಬುದರ ಗಂಧಗಾಳಿಯೂ ಇಲ್ಲ. ಹಾಗಾಗಿ ದಿನಾ ಊಟವಾದ ಮೇಲೆ ಆಕೆಗೆ ಪಾಠ ಶುರು ಮಾಡಿದೆ. ಒಲ್ಲೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಕನ್ನಡಕ ಹಾಕಿಕೊಂಡು ಕೂತಳು. ಎಂಟೇ ದಿನದಲ್ಲಿ ಟಂಕಸಾಲೆಗಳನ್ನೆಲ್ಲ ಗುರುತು ಹಿಡಿದಳು. ನಿನ್ನೆ ನನ್ನ ಎದುರಿಗೇ ನಾಣ್ಯಗಳನ್ನು ಎರಡು ಗುಂಪು ಮಾಡಿ, “ಇವು ಮನ್ಯಾಗ ಇರಲಿ, ಇವು ನೀವು ಹೋಗೋ ದಿನ ತೂರಾಕ ಸಾಕಾಗ್ತಾವ,” ಎಂದಳು. ಆ ಹಂಚಿಕೆಯಲ್ಲಿ ಒಂದು ತಪ್ಪೂ ಇರಲಿಲ್ಲ. “ಇನ್ನೇನು ಉಳದೈತ್ರೀ ಕಲಿಯೋದು?” ಎಂದು ಕೇಳಿದ ರೀತಿಯೂ ನನಗೆ ಸರಿಬರಲಿಲ್ಲ. ಇನ್ನೂ ಬಹಳ ಇದೆ, ಈ ವಿದ್ಯೆಗೆ ಅವಸರ ಕೂಡದು ಎಂದೆ. ಈಗ ದಿನಕ್ಕೊಂದು ಹೊಸ ಟಂಕಸಾಲೆಯನ್ನು ನಾನೇ ಕಟ್ಟುತ್ತಿದ್ದೇನೆ. ಇವತ್ತು ರಾಯಚೂರಿನಲ್ಲಿ ಒಂದು ಇತ್ತೆಂದು ಹೇಳಿ ಬಂದಿದ್ದೇನೆ.