ಸಿಲುವೆಪಾಳ್ಯದ ಸಂತರ ಗಡ್ಡ

ಇನ್ನಾಸಪ್ಪ ಒರೆಸಿದ್ದು ಸಂತರ ಪ್ರತಿಮೆಯ ಹೆಗಲನ್ನು. ಒದ್ದೆ ಬಟ್ಟೆಗೆ ಅಂಟಿಕೊಂಡು ಬಂದದ್ದು ಕಡಲೆಕಾಯಿ ಸಿಪ್ಪೆಯಷ್ಟು ಕರೀ ಬಣ್ಣ. ಅಲ್ಲಿಗೇ ಬಟ್ಟೆ ಹಿಂಡಿ ಒಣಗಿಹಾಕಿ ಮನೆಗೆ ಹೋಗಿ ಮುದ್ದೆ ಉಂಡಿದ್ದರೆ ಅವನ ದಿನ ಸುಖವಾಗಿ ಕಳೆಯುತ್ತಿತ್ತು.

ಆದರೆ ಸಿಪ್ಪೆ ಎದ್ದ ಜಾಗದಲ್ಲಿ ನೀಲಿ ಕಾಣಿಸಿತು. ಸಂತ ಚೌರಪ್ಪನವರ ಕರೀ ನಿಲುವಂಗಿಯ ಕೆಳಗೆ ನೀಲಿ ಯಾಕಿದೆ?

ಕುತೂಹಲ ಇನ್ನಾಸಪ್ಪನಿಗೆ ಹುಟ್ಟಿನಿಂದ ಬಂದ ಕಾಯಿಲೆ. ಚಿಕ್ಕಂದಿನಲ್ಲಿ ಹಾಡುವವರು ಎಲ್ಲಿ ಕೂತಿದ್ದಾರೆಂದು ನೋಡಲು ಅಪ್ಪನ ರೇಡಿಯೋ ಬಿಚ್ಚಿದ್ದ. ಮದುವೆಯಾದ ಮೂರನೇ ದಿನ ಮಾವನ ಮನೆಯ ಗೋಡೆ ಗಡಿಯಾರ ಬಿಚ್ಚಿದ; ಅದು ಇವತ್ತಿಗೂ ಹತ್ತೂಕಾಲಲ್ಲೇ ನಿಂತಿದೆ. ಈಗ ಐವತ್ತೆಂಟರಲ್ಲೂ ಮುಚ್ಚಿಟ್ಟ ಪಾತ್ರೆ ಕಂಡರೆ ಮುಚ್ಚಳ ಎತ್ತದೆ ಮುಂದೆ ಹೋಗುವ ಪೈಕಿ ಅಲ್ಲ. ಹೆಬ್ಬೆರಳಿನ ಉಗುರು ತಾನಾಗೇ ಸಂತರ ಹೆಗಲಿಗೆ ಹೋಯಿತು.

ಅವತ್ತು ಡಿಸೆಂಬರ್ ಮೂರು, ಚೌರಪ್ಪನವರ ಹಬ್ಬ. ಅದೂ ಅಂಥಿಂಥ ಹಬ್ಬವಲ್ಲ. ಸಿಲುವೆಪಾಳ್ಯದ ಗುಡಿಗೆ ನೂರಿಪ್ಪತ್ತೈದು ತುಂಬುವ ಜುಬಿಲಿ. ಅದಕ್ಕೆಂದೇ ಇನ್ನಾಸಪ್ಪ ಮೊದಲ ಸಲ ಒದ್ದೆ ಬಟ್ಟೆ ಹಿಡಿದಿದ್ದ. ಸಾಯಂಕಾಲ ಐದಕ್ಕೆ ಬಿಷಪ್ ಸ್ವಾಮಿಗಳು ಬರುವವರಿದ್ದರು. ಅವರನ್ನು ಕರೆತರಲು ಊರಿನ ಫಾದರ್ ಬೆಳಗ್ಗೆಯೇ ಕೋಲಾರಕ್ಕೆ ಹೊರಟುಹೋಗಿದ್ದರು. ಗುಡಿ ಗುಡಿಸುವುದು, ಗಂಟೆ ಹೊಡೆಯುವುದು, ದೀಪ ಹಚ್ಚುವುದು ತಾತನ ಕಾಲದಿಂದ ಇನ್ನಾಸಪ್ಪನ ಮನೆಯವರದ್ದೇ. ಗುಡಿಯ ಬೀಗದಕೈ ತನ್ನ ಬಾಮೈದನ ಸೊಂಟಕ್ಕೆ ಬರಲಿ ಎಂದು ಡೈರಿ ಸೆಕ್ರೆಟರಿ ಚೌರಪ್ಪ ಎರಡು ವರ್ಷದಿಂದ ಕಾಯುತ್ತಿದ್ದ. ಎಂಬತ್ತು ಮನೆಯ ಊರಿನಲ್ಲಿ ಹದಿನೇಳು ಚೌರಪ್ಪಂದಿರಿದ್ದರು. ಆದ್ದರಿಂದ ಇವನಿಗೆ ಡೈರಿ ಚೌರಪ್ಪ ಎಂದೇ ಹೆಸರು.

ಉಗುರಿನಷ್ಟಿದ್ದ ನೀಲಿ ಅಂಗೈಯಷ್ಟಾಯಿತು. ನೀಲಿಯ ಅಂಚಿಗೆ ಬಂಗಾರದ ಗೆರೆ. ನಿಲುವಂಗಿಗೆ ಜರತಾರಿ ಅಂಚೇ? ಇನ್ನಾಸಪ್ಪ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತ. ಹಿಡಿತಕ್ಕೆ ಏನಾದರೂ ಬೇಕಲ್ಲ, ಆಗಲೇ ಒರೆಸಿ ತೇವವಾಗಿದ್ದ ಸಂತರ ಗಡ್ಡ ಹಿಡಿದುಕೊಂಡ.

ತೆಂಗಿನಕಾಯಿ ಜುಟ್ಟು ಕಿತ್ತು ಬಂದಂತೆ ಗಡ್ಡ ಇಡಿಯಾಗಿ ಕೈಗೆ ಬಂತು.

ಸ್ಟೂಲಿನಿಂದ ಬೀಳದೆ ಉಳಿದದ್ದೇ ಹೆಚ್ಚು. ಎದೆಯ ಮೇಲೆ ಸಿಲುವೆ ಗುರುತು ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಮೇಲೆ ನೋಡಿದ. ಗಡ್ಡವಿದ್ದ ಕಡೆ ನುಣುಪಾದ ಗಲ್ಲ. ಅದರ ಮೇಲೆ ಚಿಕ್ಕ ತುಟಿ. ತುಟಿಯ ತುದಿಯಲ್ಲಿ, ಯಾರೋ ಏನೋ ಹೇಳಿದ್ದಕ್ಕೆ ನಗು ತಡೆದುಕೊಂಡಂಥ ಭಾವ. ಇನ್ನಾಸಪ್ಪ ಮುಚ್ಚಿದ್ದ ಕಣ್ಣನ್ನೂ ತೆರೆದ. ಐವತ್ತು ವರ್ಷದಿಂದ ದಿನಾ ಒಣಬಟ್ಟೆಯಲ್ಲಿ ಧೂಳು ಹೊಡೆದ ಮುಖ. ಇವತ್ತೇ ಮೊದಲ ಸಲ ನೋಡುತ್ತಿರುವಂತೆ ನೋಡಿದ. ಭಯ ಆಮೇಲೆ ಬಂತು.

"ಇನ್ನಾಸಣ್ಣಾ, ಹೂ ಎಲ್ಲಿ ಇಡ್ಲಿ?" ಎನ್ನುತ್ತ ಪಕ್ಕದ ತೋಟದ ಅಕ್ಕಯಮ್ಮ ಸೇವಂತಿಗೆ ಬುಟ್ಟಿ ಹೊತ್ತು ಒಳಗೆ ಬಂದಳು. ಪ್ರತಿ ಹಬ್ಬಕ್ಕೂ ಹೂವು ಅವಳ ತೋಟದ್ದೇ. ತಲೆ ಎತ್ತಿದಳು. ಬುಟ್ಟಿ ನೆಲಕ್ಕೆ ಬಿತ್ತು. "ಅಯ್ಯೋ! ಹೆಂಗ್ಸು!"

"ಮೆತ್ತಗೆ ಅಕ್ಕಯಮ್ಮಾ! ಯಾರ್ಗೂ ಹೇಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ಮುತ್ಯಾಲಮ್ಮನಾಣೆ, ಒಬ್ರಿಗೂ ಹೇಳಲ್ಲ."

ಒಬ್ಬರಿಗೆ ಹೇಳಲಿಲ್ಲ, ನಿಜ. ಹಾಲು ಹಾಕಲು ಡೈರಿ ಮುಂದೆ ಸಾಲು ನಿಂತಿದ್ದ ಮೂವತ್ತು ಜನಕ್ಕೆ ಒಟ್ಟಿಗೇ ಹೇಳಿದಳು. ಕಾಲು ಗಂಟೆಯಲ್ಲಿ ಗುಡಿ ತುಂಬಿತು. ಭಾನುವಾರದ ಪೂಜೆಗೆ ಬಾರದವರೂ ಬಂದಿದ್ದರು.

ಡೈರಿ ಚೌರಪ್ಪ ಜನರನ್ನು ಸೀಳಿಕೊಂಡು ಮುಂದೆ ಬಂದ. ಪ್ರತಿಮೆ ನೋಡಿದ, ಇನ್ನಾಸಪ್ಪನ ಕೈಯಲ್ಲಿದ್ದ ಗಡ್ಡ ನೋಡಿದ. "ಏನ್ಲಾ ಮಾಡ್ದೆ? ಸಂತರಿಗೆ ಶೇವಿಂಗ್ ಮಾಡು ಅಂದಿದ್ರಾ ಫಾದರ್ರು?"

"ನಾನೇನು ಮಾಡ್ಲಿಲ್ಲ ಕಣಣ್ಣ, ಅದೇ ಬಂತು."

"ಹಂಗಾದ್ರೆ ಇದು ಚೌರಪ್ಪನೋರಲ್ವಾ? ನಮ್ಮಪ್ಪ ಯಾರ ಹೆಸ್ರು ಇಟ್ಟ ಮತ್ತೆ ನಂಗೆ?"

ಹದಿನೇಳು ಚೌರಪ್ಪಂದಿರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇಷನ್ ಕಾರ್ಡು ರದ್ದಾಯಿತು ಎಂದು ಕೇಳಿದವರ ಮುಖ ಹಾಗಿರುತ್ತದೆ.

ಇನ್ನಾಸಪ್ಪನ ಹೆಂಡತಿ ಲೂರ್ದಮ್ಮ ಮಾತ್ರ ಗಂಡನ ಕಡೆ ತಿರುಗದೆ ಪ್ರತಿಮೆಯ ಕಾಲಬುಡ ನೋಡುತ್ತಿದ್ದಳು. ಅಲ್ಲೊಂದು ಮುರಿದ ಚಕ್ರವಿತ್ತು. ಚೌರಪ್ಪನವರು ಸಮುದ್ರ ದಾಟಿ ಬಂದವರಲ್ಲವೇ, ಅದು ಹಡಗಿನ ಚಕ್ರ ಎಂದು ಉಪದೇಶದ ಕ್ಲಾಸಿನಲ್ಲಿ ಎಲ್ಲರೂ ಕಲಿತಿದ್ದರು. ಲೂರ್ದಮ್ಮ ಮನೆಗೆ ಹೋಗಿ ಅಜ್ಜಿಯ ಕಾಲದ ಸಂತರ ಚಿತ್ರಗಳ ಪುಸ್ತಕ ತಂದಳು. ಎಂಜಲು ಹಚ್ಚಿ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟಳು. ನೀಲಿ ಉಡುಪು, ಬಂಗಾರದ ಅಂಚು, ಕಾಲಬುಡದಲ್ಲಿ ಮುರಿದ ಚಕ್ರ.

"ಸಂತ ಕತ್ರೀನಮ್ಮ," ಎಂದು ಓದಿದಳು. "ರಾಜ ಕರೆಸಿದ ಐವತ್ತು ಜನ ಪಂಡಿತರನ್ನ ವಾದದಲ್ಲಿ ಒಬ್ಬಳೇ ಸೋಲಿಸಿದಳಂತೆ."

"ಅಂಥೋಳ ಬಾಯಿಗೆ ಗಡ್ಡ ಮೆತ್ತಿದ್ರಾ ನೀವು!" ಅಕ್ಕಯಮ್ಮ ಸೊಂಟಕ್ಕೆ ಕೈಕೊಟ್ಟಳು. ಹೆಂಗಸರ ಕಡೆಯಿಂದ ಹೌದು ಹೌದು ಎಂಬ ಸದ್ದು ಎದ್ದಿತು.

ಅಷ್ಟರಲ್ಲಿ ತೊಂಬತ್ತು ದಾಟಿದ ಆರೋಗ್ಯಮ್ಮನನ್ನು ಇಬ್ಬರು ಕುರ್ಚಿ ಸಮೇತ ಎತ್ತಿ ತಂದರು. ಮುದುಕಿ ಪ್ರತಿಮೆಯನ್ನು ಬಹಳ ಹೊತ್ತು ನೋಡಿ ಬೊಚ್ಚುಬಾಯಲ್ಲಿ ನಕ್ಕಳು. "ಏಮಿರಾ ಇನ್ನಾಸೀ, ಎಂತ ಪನಿ ಚೇಸ್ತಿವಿರಾ, ಎಂಥಾ ಕೆಲ್ಸ ಮಾಡ್ಬಿಟ್ಟೆ! ನಮ್ಮಜ್ಜಿ ಹೇಳ್ತಿದ್ಲು. ಎತ್ತಿನ ಗಾಡೀಲಿ ಪೆಟ್ಟಿಗೆ ಬಂತಂತೆ. ಬಿಳೀ ಸ್ವಾಮಿ ಮುಚ್ಚಳ ತೆಗೆದು ನೋಡಿ, ಪಟ್ ಅಂತ ಮುಚ್ಚಿದ್ರಂತೆ. ಮೂರು ದಿನ ಗುಡಿಯೊಳಕ್ಕೆ ಯಾರನ್ನೂ ಬಿಡ್ಲಿಲ್ಲ. ನಾಲ್ಕನೇ ದಿನ ಬಾಗಿಲು ತೆಗೆದ್ರೆ ಚೌರಪ್ಪನೋರು ನಿಂತಿದ್ರು!"

ಇನ್ನಾಸಪ್ಪನ ಕಿವಿ ನೆಟ್ಟಗಾಯಿತು. "ಆ ಮೂರು ದಿನ ಒಳಗೇನು ಮಾಡಿದ್ರು ಅವ್ವಾ? ಬೀಗ ಯಾರ ಹತ್ರ ಇತ್ತು?"

"ಈಗ ಅದನ್ನು ಬಿಡು," ಎಂದು ಡೈರಿ ಚೌರಪ್ಪ ಗುಡುಗಿದ. "ವಾದ ಮಾಡ್ತಾ ಮಾಡ್ತಾ ಗಂಟೆ ಎರಡಾಯ್ತು. ಬಿಷಪ್ ಸ್ವಾಮಿ ಬಂದು, ನೂರಿಪ್ಪತ್ತೈದು ವರ್ಷ ಯಾರಿಗೆ ಹಬ್ಬ ಮಾಡಿದ್ರಿ ಅಂತ ಕೇಳಿದ್ರೆ ಏನು ಹೇಳ್ತೀಯ? ಸುಮ್ನೆ ಅಂಟಿಸು."

ಅದೇ ಹೊತ್ತಿಗೆ ಫಾದರ್ ಫೋನು ಬಂತು. "ಇನ್ನಾಸಪ್ಪ, ಎಲ್ಲಾ ರೆಡಿನಾ?"

"ರೆಡಿ ಸ್ವಾಮಿ," ಎಂದ ಇನ್ನಾಸಪ್ಪ. ಎಡಗೈಯಲ್ಲಿ ಗಡ್ಡವಿತ್ತು.

ಅಲ್ಲಿಂದ ಊರಿಗೆ ಊರೇ ಮೇಸ್ತ್ರಿಯಾಯಿತು. ಮೊದಲು ಮೈದಾ ಅಂಟು. ಗಡ್ಡ ನಿಂತಿತು, ಎಲ್ಲರೂ ಉಸಿರು ಬಿಟ್ಟರು, ಅದು ನಿಧಾನವಾಗಿ ಜಾರಿ ಎದೆಯ ಮೇಲೆ ಬಂದು ಕೂತಿತು. ಯಾರೋ ಬೆಲ್ಲ ಸುಣ್ಣ ಕಲಸಿ ಎಂದರು. ಕಲಸಿದರು, ಗಡ್ಡಕ್ಕಿಂತ ಮೊದಲು ಇರುವೆ ಹತ್ತಿದವು. ಸೈಕಲ್ ಪಂಕ್ಚರಿನ ಸೊಲ್ಯೂಷನ್ ಹಚ್ಚಿದರೆ ಎಡಕ್ಕೆ ವಾಲಿ, ಸಂತರಿಗೆ ಹಲ್ಲುನೋವು ಬಂದಂತೆ ಕಾಣಿಸಿತು.

ನಾಲ್ಕು ಗಂಟೆಗೆ ಬೋರ್‌ವೆಲ್ ಮೋಟಾರು ರಿಪೇರಿಯ ವೆಂಕಟ್ ಎರಡು ಟ್ಯೂಬು ಅಂಟು ಹಿಡಿದು ಬಂದ. "ಇದನ್ನ ಅದಕ್ಕೆ ಕಲಸಬೇಕು ಅಷ್ಟೆ. ಸಾವಿರದೈನೂರು ಅಡಿ ಕೆಳಗೆ, ನೀರೊಳಗೆ, ಪೈಪು ಬಿಟ್ಟಿಲ್ಲ. ಗಡ್ಡ ಯಾವ ಲೆಕ್ಕ?"

ಮೇಲೆ ಹತ್ತಬೇಕಾದವನು ಇನ್ನಾಸಪ್ಪನೇ. ಗಡ್ಡಕ್ಕೆ ಅಂಟು ಸವರಿ ಹತ್ತಿದ. ಆ ಚಿಕ್ಕ ನಗು ಇನ್ನೂ ಹಾಗೇ ಇತ್ತು. ಇಷ್ಟು ವರ್ಷ ಕತ್ತಲಲ್ಲಿದ್ದು ಬೆಳಗ್ಗೆಯಷ್ಟೇ ಹೊರಗೆ ಬಂದವಳು. ಸಾಯಂಕಾಲಕ್ಕೇ ಬಾಗಿಲು ಹಾಕಬೇಕೆಂದರೆ ಅವನಿಗೆ ಕೈ ಬರಲಿಲ್ಲ.

"ಒಂದು ಮಾತು," ಎಂದ ಕೆಳಗೆ ತಿರುಗಿ. "ಬಿಷಪ್ ಸ್ವಾಮಿಗೆ ಇದ್ದದ್ದು ಇದ್ದಂಗೆ ಹೇಳಿಬಿಟ್ರೆ?"

"ಹೇಳು. ಹಂಗೇ ಬೀಗದಕೈನೂ ಕೊಟ್ಟುಬಿಡು," ಎಂದ ಡೈರಿ ಚೌರಪ್ಪ.

ಇನ್ನಾಸಪ್ಪ, "ತಪ್ಪಾಯ್ತು ತಾಯಿ," ಎಂದು ಪಿಸುಗುಟ್ಟಿ ಗಡ್ಡ ಒತ್ತಿ ಹಿಡಿದ. ಅಂಟು ಕಚ್ಚಿತು. ಗೇಟಿಗೆ ಬಳಿದು ಉಳಿದಿದ್ದ ಕರೀ ಪೇಂಟು ಹೆಗಲಿನ ನೀಲಿಯನ್ನು ಮುಚ್ಚಿತು. ಸಂತ ಚೌರಪ್ಪನವರು ಮೊದಲಿಗಿಂತ ಗಟ್ಟಿಮುಟ್ಟಾಗಿ ನಿಂತರು. "ನನ್ನ ಅಂಟು!" ಎಂದ ವೆಂಕಟ್. "ಐಡಿಯಾ ನಂದು!" ಎಂದ ಡೈರಿ ಚೌರಪ್ಪ. ಪೇಂಟು ತಂದವನು, ಸ್ಟೂಲು ಹಿಡಿದವನು, ಎಲ್ಲರೂ ತಮ್ಮ ತಮ್ಮ ಪಾಲಿನ ಹೊಗಳಿಕೆ ತೆಗೆದುಕೊಂಡು ಸ್ನಾನಕ್ಕೆ ಹೋದರು.

ಐದಕ್ಕೆ ತಮಟೆ, ಪಟಾಕಿ, ಹಾರ. ಬಿಷಪ್ ಸ್ವಾಮಿಗಳ ಜೊತೆ ಕನ್ನಡಕ ಹಾಕಿದ ಒಬ್ಬ ಸಿಸ್ಟರ್ ಕೂಡ ಕಾರಿನಿಂದ ಇಳಿದರು, ಕೈಯಲ್ಲೊಂದು ಪುಟ್ಟ ಪೆಟ್ಟಿಗೆ. ಪೂಜೆ ಸಾಂಗವಾಗಿ ನಡೆಯಿತು. ಗಡ್ಡ ಅಲುಗಲಿಲ್ಲ. ಇನ್ನಾಸಪ್ಪ ಗಂಟೆ ಹೊಡೆದಾಗಲೆಲ್ಲ ಮೇಲೊಂದು ಕಣ್ಣು ಹಾಕುತ್ತಿದ್ದ.

ಕೊನೆಗೆ ಬಿಷಪ್ ಸ್ವಾಮಿಗಳು ಮಾತಿಗೆ ನಿಂತರು. "ಜುಬಿಲಿಗೆ ನಿಮಗೊಂದು ಉಡುಗೊರೆ ತಂದಿದ್ದೇನೆ," ಎಂದು ಜೇಬಿನಿಂದ ಕಾಗದ ತೆಗೆದರು. "ಈ ಗುಡಿ ಕಟ್ಟಿದ ಫ್ರೆಂಚ್ ಗುರುಗಳು ಆಗಿನ ಬಿಷಪರಿಗೆ ಬರೆದ ಪತ್ರ ಹಳೆಯ ಕಡತದಲ್ಲಿ ಸಿಕ್ಕಿತು. ಕೇಳಿ."

ಅವರು ಓದಿದರು: "ನಾನು ಬೇಡಿದ್ದು ಸಂತ ಚೌರಪ್ಪನವರನ್ನು. ಹಡಗಿನಲ್ಲಿ ಬಂದದ್ದು ಸಂತ ಕತ್ರೀನಮ್ಮ. ಹಬ್ಬಕ್ಕೆ ನಾಲ್ಕೇ ದಿನ. ಜನರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬಾರದೆ ಗಡ್ಡ ಮಾಡಿ ಅಂಟಿಸಿದ್ದೇನೆ, ನನ್ನದೇ ಗಡ್ಡದ ಅಳತೆಗೆ. ಅಂಟು ಹಗುರವಾದದ್ದು, ನೀರು ತಾಕಿದರೆ ಬಿಡುತ್ತದೆ. ಮುಂದೆ ಬರುವವರು ಯಾರಾದರೂ ಅದನ್ನು ತೆಗೆದು, ಆಕೆಯನ್ನು ಈ ಜನಕ್ಕೆ ಪರಿಚಯ ಮಾಡಿಕೊಡಲಿ."

ಗುಡಿಯಲ್ಲಿದ್ದವರೆಲ್ಲ ಒಟ್ಟಿಗೇ ತಲೆ ತಗ್ಗಿಸಿದರು. ಬಿಷಪ್ ಸ್ವಾಮಿಗಳು ಅದನ್ನು ಭಕ್ತಿ ಎಂದುಕೊಂಡರು. "ಈ ಸಿಸ್ಟರ್ ಹಳೆಯ ಪ್ರತಿಮೆಗಳ ಕೆಲಸ ಬಲ್ಲವರು. ಇವತ್ತು ನಿಮ್ಮೆಲ್ಲರ ಎದುರಿಗೇ ಆ ಗಡ್ಡ ತೆಗೆದುಬಿಡೋಣ."

ಸಿಸ್ಟರ್ ಸ್ಟೂಲು ಹತ್ತಿದರು. ಹತ್ತಿಯನ್ನು ನೀರಲ್ಲಿ ಅದ್ದಿ ಒರೆಸಿದರು. ಮತ್ತೆ ಒರೆಸಿದರು. ತೆಳು ಚಾಕು ತೂರಿಸಲು ನೋಡಿದರು, ಚಾಕು ಬಾಗಿತು. ಬೆರಳಲ್ಲಿ ತಟ್ಟಿದರೆ ಕಬ್ಬಿಣದಂತೆ ಟಣ್ ಎಂದಿತು. ಅವರು ಕನ್ನಡಕ ತೆಗೆದು ಕೇಳಿದರು, "ಇದೆಂಥಾ ಅಂಟು?"

"ಬೋರ್‌ವೆಲ್‌ದು ಸಿಸ್ಟರ್, ಗ್ಯಾರಂಟಿ!" ಎಂದು ಬಾಗಿಲ ಬಳಿಯಿಂದ ವೆಂಕಟ್ ಹೆಮ್ಮೆಯಿಂದ ಕೂಗಿದ. ಪಕ್ಕದವರು ಅವನ ಬಾಯಿ ಮುಚ್ಚಿದರು.

"ಯಾರು ಅಂಟಿಸಿದ್ದು?" ಬಿಷಪ್ ಸ್ವಾಮಿಗಳು ಕೇಳಿದರು.

ಹೊತ್ತಿನ ಕಡೆ ತಿರುಗುವ ಸೂರ್ಯಕಾಂತಿಗಳಂತೆ ಊರಿನ ಮುಖಗಳೆಲ್ಲ ಒಂದೇ ಕಡೆ ತಿರುಗಿದವು. ಎಲ್ಲರಿಗಿಂತ ಮೊದಲು ತಿರುಗಿದ್ದು ಡೈರಿ ಚೌರಪ್ಪನ ಮುಖ.

ಇನ್ನಾಸಪ್ಪ ಕೈಮುಗಿದು ಮುಂದೆ ಬಂದು, ಸಿಪ್ಪೆ ಎದ್ದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದ. ಬಿಷಪ್ ಸ್ವಾಮಿಗಳು ಮೊದಲು ಫಾದರ್ ಕಡೆ ನೋಡಿದರು. ಆಮೇಲೆ ಮುಖಕ್ಕೆ ಕರ್ಚೀಫು ಅಡ್ಡ ಹಿಡಿದರು. ಹೆಗಲು ಕುಣಿಯುವುದನ್ನು ನೋಡಿ, ಅಳುತ್ತಿದ್ದಾರೆಂದು ಕೆಲವರು, ನಗುತ್ತಿದ್ದಾರೆಂದು ಕೆಲವರು ವಾದ ಮಾಡಿದರು.

"ಒಂದೇ ದಾರಿ ಇದೆ," ಎಂದರು ಸಿಸ್ಟರ್. ಪೆಟ್ಟಿಗೆಯಿಂದ ಒಂದು ಸೀಸೆ ಔಷಧಿ, ಒಂದು ದಪ್ಪ ಸೂಜಿ ತೆಗೆದರು. "ದಿನಕ್ಕೆ ಎಳ್ಳಿನಷ್ಟು ಕೆರೆಯಬೇಕು. ಅವಸರ ಮಾಡಿದರೆ ಒಳಗಿನ ಬಣ್ಣ ಹೋಗುತ್ತೆ. ಎರಡು ವರ್ಷವಾದರೂ ಆಗುತ್ತೆ. ತಾಳ್ಮೆ ಇರೋರು ಯಾರಾದರೂ ಬೇಕು."

ಇನ್ನಾಸಪ್ಪನ ಕಡೆ ತಿರುಗಿದ್ದ ಮುಖಗಳು ಹಾಗೇ ಇದ್ದವು.

ಇನ್ನಾಸಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಮಾರನೇ ದಿನ ಬೆಳಗಿನ ಪೂಜೆ ಮುಗಿದ ಮೇಲೆ ಸೂಜಿ ಹಿಡಿದು ಹತ್ತಿದ. "ನಮ್ಮ ಕಡೆಯಿಂದ ಶುರು ಮಾಡ್ರಿ," ಎಂದಳು ಲೂರ್ದಮ್ಮ. ಗುಡಿಯಲ್ಲಿ ಹೆಂಗಸರು ಕೂರುವುದು ಎಡಗಡೆ, ಗಂಡಸರು ಬಲಗಡೆ. ಎಡಗಡೆಯಿಂದ ಶುರುವಾಯಿತು.

ಈಸ್ಟರ್ ಹಬ್ಬ ಬಂದು ಹೋಗಿ, ಮುಂದಿನ ಈಸ್ಟರ್ ಬರುವಷ್ಟರಲ್ಲಿ ಅರ್ಧ ಗಡ್ಡ ಹೋಗಿತ್ತು. ಎಡಗಡೆ ಕೂತವರಿಗೆ ನಗು ತಡೆದುಕೊಂಡ ಕತ್ರೀನಮ್ಮ. ಬಲಗಡೆ ಕೂತವರಿಗೆ ಗಡ್ಡದ ಚೌರಪ್ಪನವರು. ಅಂದು ಪೂಜೆಯಾದ ಮೇಲೆ ಹದಿನೇಳು ಚೌರಪ್ಪಂದಿರು ಒಟ್ಟಾಗಿ ಸ್ಟೂಲಿನ ಬಳಿ ಬಂದರು. "ಇನ್ನಾಸೀ, ಇಲ್ಲಿಗೆ ಸಾಕು ನಿಲ್ಲಿಸ್ಲಾ. ನಮ್ಗೂ ಒಂದು ಹೆಸ್ರು ಬೇಡ್ವಾ?"

"ನಿಲ್ಸಿ ನೋಡ್ರಿ," ಎಂದಳು ಲೂರ್ದಮ್ಮ ಈ ಕಡೆಯಿಂದ. ಅವಳ ಹಿಂದೆ ಊರಿನ ಹೆಂಗಸರು, ಅವರ ಮುಂದೆ ಅಕ್ಕಯಮ್ಮ.

ಇನ್ನಾಸಪ್ಪ ಫಾದರ್ ಕಡೆ ನೋಡಿದ. "ಇಬ್ರಿಗೂ ಬೇಜಾರಾಗದ ಹಾಗೆ ನೋಡ್ಕೊಳ್ಳಿ ಇನ್ನಾಸಪ್ಪ," ಎಂದು ಫಾದರ್ ಅವಸರವಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಈಗಲೂ ದಿನಾ ಪೂಜೆ ಮುಗಿದ ಕೂಡಲೇ ಅವನು ಸ್ಟೂಲು ಹತ್ತುತ್ತಾನೆ. ಕೈ ನಿಲ್ಲದಂತೆ ಎಡಗಡೆಯವರು ಕಾಯುತ್ತಾರೆ, ಕೈ ಮೂಗಿನ ಗೆರೆ ದಾಟದಂತೆ ಬಲಗಡೆಯವರು ಕಾಯುತ್ತಾರೆ. ಇನ್ನಾಸಪ್ಪ ಸೂಜಿ ಎತ್ತಿ ಹಿಡಿದು, ಔಷಧಿ ಇನ್ನೂ ಒಣಗಿಲ್ಲ ಎನ್ನುತ್ತ ನಿಂತಿರುತ್ತಾನೆ.